ಲಿಫ್ಟಿನವನ ಮ್ಯಾಟಿನಿ ಶೋ

ಇಷ್ಟಕ್ಕೆಲ್ಲ ಕಾರಣವಾದದ್ದು ಒಂದು ಮಚ್ಚೆ.

ಮಚ್ಚೆ ಇದ್ದದ್ದು ಸಿನಿಮಾದ ನಾಯಕನ ಕೆನ್ನೆಯ ಮೇಲೆ, ಅದೂ ಅಂಟಿಸಿಕೊಂಡದ್ದು. ಭಾನುವಾರ ಪಕ್ಕದ ಮನೆಯ ಟೀಚರಮ್ಮನ ಟೀವಿ ಮುಂದೆ ಇಡೀ ಮಹಡಿಯ ಜನ ಸೇರಿದ್ದರು. ನಾಯಕ ಆ ಮಚ್ಚೆಯೊಂದನ್ನು ಅಂಟಿಸಿಕೊಂಡು ಹೆತ್ತ ತಾಯಿಯ ಮುಂದೆ ಬಂದು ನಿಂತ. "ಯಾರಪ್ಪಾ ನೀನು? ನಿನ್ನ ನೋಡಿದರೆ ಯಾಕೋ ನನ್ನ ಮಗನ ನೆನಪಾಗುತ್ತೆ" ಎಂದಳು ತಾಯಿ. ಹೆಂಗಸರೆಲ್ಲ ಸೆರಗು ಕಣ್ಣಿಗೊತ್ತಿಕೊಳ್ಳುವ ಹೊತ್ತಿಗೆ ಹಿಂದಿನ ಕುರ್ಚಿಯಿಂದ ಒಂದು ದನಿ ಬಂತು.

"ಸಾಧ್ಯವೇ ಇಲ್ಲ. ಮೂಗು ಅದೇ, ಕಣ್ಣು ಅದೇ, ದನಿ ಅದೇ. ಮಚ್ಚೆ ಇಟ್ಟುಕೊಂಡ್ರೆ ಅಮ್ಮಂಗೆ ಗುರುತು ಸಿಗಲ್ವಂತಾ? ನನ್ನ ಅಮ್ಮ ಕೆಮ್ಮು ಕೇಳಿಯೇ ನಾನು ಅಂತ ಹೇಳ್ತಾಳೆ."

ದನಿ ಲಿಫ್ಟ್ ಮೆಕ್ಯಾನಿಕ್‌ನದು. ಈ ಗುಣದಿಂದಾಗಿ ಆ ಕಟ್ಟಡದಲ್ಲಿ ಅವನಿಗೆ ಸಾಧ್ಯವಿಲ್ಲಯ್ಯ ಎಂದೇ ಹೆಸರು. ಗುಂಡೇಟು ತಿಂದವನು ಕಾಲು ಗಂಟೆ ಮಾತಾಡಿ, ಕೊಲೆಗಾರನ ಹೆಸರು ಹೇಳುವಷ್ಟರಲ್ಲಿ ಸತ್ತರೆ ಇವನಿಗೆ ಆಗುತ್ತಿರಲಿಲ್ಲ. ಮಳೆಯಲ್ಲಿ ಹೊಡೆದಾಡಿದ ನಾಯಕನ ಕೂದಲು ಒಣಗಿಯೇ ಇದ್ದರೆ ಎದ್ದು ನಿಲ್ಲುತ್ತಿದ್ದ. ಸಿನಿಮಾದಲ್ಲಿ ಲಿಫ್ಟ್ ಬಂದರಂತೂ ಮುಗಿಯಿತು, ಹಗ್ಗ, ಬ್ರೇಕು, ಬಾಗಿಲ ಬೀಗ ಎಲ್ಲದರ ಪಾಠವಾಗುತ್ತಿತ್ತು. ಮನುಷ್ಯ ಕೆಟ್ಟವನಲ್ಲ, ಬಾಯಿಗೆ ಮಾತ್ರ ಬ್ರೇಕ್ ಇರಲಿಲ್ಲ.

ಟೀಚರಮ್ಮ ಟೀವಿ ಆರಿಸಿದರು. ಅವನ ಹೆಂಡತಿ ಮನೆಗೆ ಬಂದು ಮಾತು ನಿಲ್ಲಿಸಿದಳು. ಬೈದಿದ್ದರೆ ಅವನಿಗೆ ಸಮಾಧಾನವಿತ್ತು. ಅವಳು ತಟ್ಟೆ ಇಟ್ಟು, ಬಡಿಸಿ, ಗೋಡೆ ನೋಡುತ್ತಾ ಊಟ ಮಾಡಿದಳು. ಮೂರನೆಯ ದಿನ ಅವನೇ ಸೋತು, "ಏನು ಮಾಡಿದ್ರೆ ಮಾತಾಡ್ತೀಯೆ?" ಎಂದು ಕೇಳಿದ.

"ನಮ್ಮ ಮದುವೆ ಆದಾಗಿಂದ ಒಂದು ಸಿನಿಮಾನೂ ನೆಟ್ಟಗೆ ನೋಡಿಲ್ಲ ನಾನು" ಎಂದಳು ಅವಳು. ದನಿ ಸಣ್ಣಗಿತ್ತು. "ಒಂದೇ ಒಂದು ಸಿನಿಮಾ, ಬಾಯಿ ಮುಚ್ಚಿಕೊಂಡು ನನ್ನ ಪಕ್ಕ ಕೂತ್ಕೊಳ್ಳಿ. ನಾನು ಅತ್ತರೆ ಅಳೋಕೆ ಬಿಡಿ. ಇನ್ನೇನೂ ಬೇಡ ನಂಗೆ."

ಅವನು ಅವಳ ತಲೆಯ ಮೇಲೆ ಕೈಯಿಟ್ಟ. ಆಣೆ ಮಾಡಿದ. ಅವಳು ಬಹಳ ದಿನದಿಂದ ನೋಡಬೇಕೆಂದಿದ್ದ ಸಿನಿಮಾಕ್ಕೆ ಶುಕ್ರವಾರದ ಮ್ಯಾಟಿನಿಯೇ ಕೊನೆಯ ಆಟ. ಬಾಲ್ಕನಿ ಟಿಕೆಟ್ ಬಂತು. ಅವನ ಆಣೆಯ ಮೇಲೆ ಕಣ್ಣಿಡಲು ಟೀಚರಮ್ಮ ತಮ್ಮ ದುಡ್ಡಲ್ಲೇ ಇನ್ನೊಂದು ಟಿಕೆಟ್ ತೆಗೆಸಿಕೊಂಡರು. "ಪರೀಕ್ಷೆಗೆ ಮೇಲ್ವಿಚಾರಕರು ಬೇಕಲ್ಲಮ್ಮ" ಎಂಬುದು ಅವರ ವಾದ.

ಶುಕ್ರವಾರ ಹೆಂಗಸರಿಬ್ಬರೂ ಮುಂಚೆಯೇ ಥಿಯೇಟರಿಗೆ ಹೋದರು. ಅರ್ಧ ದಿನ ರಜೆ ಹಾಕಿ, ಇಸ್ತ್ರಿ ಶರ್ಟು ತೊಟ್ಟು, ತಲೆ ಬಾಚಿ ಹೊರಟವನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಸೂಪರ್‌ವೈಸರ್.

"ರಿಜಿಸ್ಟ್ರಾರ್ ಆಫೀಸಿನ ಲಿಫ್ಟ್ ನಿಂತಿದೆ. ಒಳಗೆ ಇಬ್ಬರಿದ್ದಾರೆ. ನಿಮ್ಮ ಬೀದಿ ತುದೀಲೇ ನಮ್ಮ ವ್ಯಾನ್ ಇದೆ, ಹತ್ತಿಕೊಳ್ಳಿ."

"ಸಾರ್, ಇವತ್ತು ನಂದು ಸಂಸಾರದ ಪ್ರಶ್ನೆ."

"ಅವರದು ಉಸಿರಿನ ಪ್ರಶ್ನೆ ಕಣ್ರಿ. ಹತ್ತೇ ನಿಮಿಷದ ಕೆಲಸ."

ಹತ್ತು ನಿಮಿಷದ ಕೆಲಸವೇನೋ ನಿಜ. ವ್ಯಾನು ಅವನನ್ನು ಇಳಿಸಿ ಬೇರೆ ದೂರಿಗೆ ಹೋಯಿತು. ಲಿಫ್ಟು ಎರಡು ಮಹಡಿಗಳ ನಡುವೆ ತೂಗುತ್ತಿತ್ತು. ಅವನು ಮಾಳಿಗೆಯ ಮೇಲಿನ ಯಂತ್ರದ ಕೋಣೆಗೆ ಹತ್ತಿ, ಕರೆಂಟು ತೆಗೆದು, ಬ್ರೇಕ್ ಸಡಿಲಿಸಿ, ಕೈಯಲ್ಲೇ ಚಕ್ರ ತಿರುಗಿಸತೊಡಗಿದ. ಹಗ್ಗ ಇಳಿಯುವ ತೂತಿನಿಂದ ಕೆಳಗಿನವರ ಮಾತು ಬಾವಿಯಿಂದ ಬಂದಂತೆ ಸ್ಪಷ್ಟವಾಗಿ ಕೇಳಿಸುತ್ತಿತ್ತು.

"ನೀರು ಕುಡೀರಿ ಸಾರ್, ಕೂತ್ಕೊಳ್ಳಿ. ನನ್ನ ಭುಜಕ್ಕೆ ಒರಗಿಕೊಳ್ಳಿ" ಎಂದಿತು ಒಂದು ಎಳೆಯ ದನಿ.

"ಒಳ್ಳೇ ಹುಡುಗನಪ್ಪಾ ನೀನು" ಎಂದಿತು ವಯಸ್ಸಾದ ದನಿ. "ನನ್ನ ಮಗಳಿಗೆ ನಿನ್ನಂಥವನು ಸಿಕ್ಕಬಾರದಿತ್ತಾ? ಯಾವನೋ ಅಬ್ಬೇಪಾರಿನ ಕಟ್ಟಿಕೊಳ್ತೀನಿ ಅಂತ ಇಲ್ಲಿಗೆ ಬಂದಿದ್ದಾಳೆ. ಅವನ ಮುಖ ಕೂಡ ನಾನು ನೋಡಿಲ್ಲ. ಮದುವೆ ನಿಲ್ಲಿಸೋಕೆ ಅಂತಲೇ ಬಂದೆ."

"ನಿಮ್ಮ ಸಂಕಟ ಅರ್ಥ ಆಗುತ್ತೆ ಸಾರ್. ನಂದೂ ಇವತ್ತು ಇಲ್ಲೇ ಮದುವೆ. ನಮ್ಮ ಮಾವ ಆಗೋರು ಮಹಾ ಹಟಮಾರಿ. ನಾನೂ ಅವರ ಮುಖ ನೋಡಿಲ್ಲ."

"ಮೂರ್ಖ ಇರಬೇಕು ನಿನ್ನ ಮಾವ. ನನ್ನ ಕೈಗೆ ಸಿಕ್ಕಿದ್ರೆ ಬುದ್ಧಿ ಹೇಳ್ತಿದ್ದೆ. ಒಳ್ಳೇದಾಗಲಿ ನಿಂಗೆ."

ಮೆಕ್ಯಾನಿಕ್ ಚಕ್ರ ಹಿಡಿದೇ ತೂತಿಗೆ ಕಿವಿಯಿಟ್ಟ. ಇಂಥ ದೃಶ್ಯ ಟೀವಿಯಲ್ಲಿ ಬಂದಿದ್ದರೆ ಅವನು ಸ್ಟೂಲಿನ ಮೇಲೆ ನಿಂತು ಭಾಷಣ ಮಾಡುತ್ತಿದ್ದ. ತುಟಿ ಕಚ್ಚಿಕೊಂಡು ಲಿಫ್ಟನ್ನು ಮಹಡಿಯ ಮಟ್ಟಕ್ಕೆ ಇಳಿಸಿ, ಮೆಟ್ಟಿಲಿಳಿದು ಓಡಿ ಬಂದು ಬಾಗಿಲು ತೆರೆದ.

ಬಾಗಿಲಿನೆದುರು ಮದುಮಗಳು ನಿಂತಿದ್ದಳು. ಇಬ್ಬರೂ ಒಬ್ಬರ ಹೆಗಲಿಗೆ ಒಬ್ಬರು ಕೈಹಾಕಿಕೊಂಡು ಹೊರಬಂದರು. ಅವಳು ಒಬ್ಬರನ್ನು ನೋಡಿ "ಅಪ್ಪ" ಎಂದಳು. ಇನ್ನೊಬ್ಬನನ್ನು ನೋಡಿ "ರೀ" ಎಂದಳು. ಹೆಗಲ ಮೇಲಿನ ಕೈಗಳು ಅಲ್ಲೇ ಕಲ್ಲಾದವು.

ರಿಜಿಸ್ಟ್ರಾರ್ ಅಷ್ಟರಲ್ಲಿ ಮದುಮಗ ಬರಲಿಲ್ಲವೆಂದು ಚೀಲ ಹೆಗಲಿಗೇರಿಸಿ ಹೊರಟಿದ್ದರು. ಅಪ್ಪ ಹುಡುಗನ ಮುಖ ನೋಡಿದರು, ಮಗಳ ಮುಖ ನೋಡಿದರು, ಗಂಟಲು ಸರಿಮಾಡಿಕೊಂಡು ಕೂಗಿದರು: "ನಿಲ್ಲಿ ಸ್ವಾಮಿ, ಈ ಮದುವೆ ಆಗಲೇಬೇಕು."

"ಸಾಧ್ಯವೇ ಇಲ್ಲ" ಎಂದ ಮೆಕ್ಯಾನಿಕ್.

ಅವನು ಹೇಳಿದ್ದಲ್ಲ, ಬಾಯಿಯೇ ಹೇಳಿಬಿಟ್ಟಿತು. ಎಲ್ಲರೂ ಅವನತ್ತ ತಿರುಗಿದರು. ಮದುಮಗಳ ಕಣ್ಣು ತುಂಬಿತು. ರಿಜಿಸ್ಟ್ರಾರ್ ಚೀಲ ಕೆಳಗಿಟ್ಟು ಕನ್ನಡಕ ಹಾಕಿಕೊಂಡರು.

"ಮದುವೆಗೆ ಅಭ್ಯಂತರ ಎತ್ತಿದ್ದೀರಿ. ಕಾರಣ ಹೇಳಿ. ಹುಡುಗನಿಗೆ ಬೇರೆ ಹೆಂಡತಿ ಇದ್ದಾಳಾ?"

"ಅಯ್ಯೋ, ನಾನು ಲಿಫ್ಟಿನವನು ಸಾರ್. ಅದು ಅಭ್ಯಂತರ ಅಲ್ಲ, ಅಭ್ಯಾಸ."

"ಅಭ್ಯಾಸಕ್ಕೆ ಕಾನೂನಲ್ಲಿ ಜಾಗ ಇಲ್ಲ. ಅಭ್ಯಂತರ ಬಂದ ಮೇಲೆ ವಿಚಾರಣೆ ಮಾಡಲೇಬೇಕು."

ವಿಚಾರಣೆ ನಡೆಯಿತು. ಹುಡುಗಿ ಗೊತ್ತಾ, ಹುಡುಗ ಗೊತ್ತಾ, ಹಾಗಾದರೆ ಯಾಕೆ ಸಾಧ್ಯವಿಲ್ಲ ಅಂದಿರಿ? ಹೆಂಡತಿಯ ಕತೆ, ಮಚ್ಚೆಯ ಕತೆ ಎಲ್ಲ ಬಿಚ್ಚಿಡಬೇಕಾಯಿತು. ರಿಜಿಸ್ಟ್ರಾರ್ ನಗದೆ ಕೇಳಿದರು. ಕೊನೆಗೆ ಅಭ್ಯಂತರ ಇಲ್ಲವೆಂಬುದನ್ನು ಖಚಿತ ಮಾಡಲು ಅವನನ್ನೇ ಸಾಕ್ಷಿಯಾಗಿ ನಿಲ್ಲಿಸಿ ಸಹಿ ಹಾಕಿಸಿದರು. ಮದುವೆಯಾಯಿತು. ಅಪ್ಪ ಅಳಿಯನನ್ನು ತಬ್ಬಿ ಅತ್ತರು. ಮೆಕ್ಯಾನಿಕ್‌ಗೂ ಕಣ್ಣು ಮಂಜಾಯಿತು, ಆಮೇಲೆ ಗೋಡೆ ಗಡಿಯಾರ ಕಂಡಿತು. ಆಟ ಶುರುವಾಗಿ ಬಹಳ ಹೊತ್ತಾಗಿತ್ತು.

"ನಮ್ಮಿಂದ ನಿಮ್ಮ ಮನೆ ಹಾಳಾಗಬಾರದು" ಎಂದು ಹುಡುಗಿಯ ಅಪ್ಪ, ಮದುವೆಗೆಂದು ಬಂದಿದ್ದ ಹುಡುಗನ ಭಾವನನ್ನು ಕರೆದರು. ಭಾವನ ಬಳಿ ಸ್ಕೂಟರ್ ಇತ್ತು, ಕಿವಿ ಮುಚ್ಚುವ ಹೆಲ್ಮೆಟ್ ಇತ್ತು, ನಿಲ್ಲದ ಮಾತಿತ್ತು.

"ಇಪ್ಪತ್ತು ವರ್ಷದಿಂದ ಓಡಿಸ್ತಿದ್ದೀನಿ. ಹಿಂದೆ ಕೂತವರಿಗೆ ಜೋಲಿಯಲ್ಲಿ ಕೂತ ಹಾಗಿರುತ್ತೆ" ಎನ್ನುತ್ತಾ ಅವನು ಹೊರಟ. ಮೊದಲ ತಿರುವಿನಲ್ಲಿ ತನ್ನ ಮದುವೆಯ ಕತೆ ಎತ್ತಿದ. ಎರಡನೆಯ ತಿರುವಿನಲ್ಲಿ ರಸ್ತೆಯುಬ್ಬು ಬಂತು. ಕತೆಯ ಭರದಲ್ಲಿ ಭಾವ ಅದನ್ನು ನೋಡಲಿಲ್ಲ. ಮೆಕ್ಯಾನಿಕ್ ಚೆಂಡಿನಂತೆ ಮೇಲೆದ್ದ. ಅದೇ ಗಳಿಗೆಗೆ ಪಕ್ಕದ ಅಂಗಡಿಯಿಂದ ಹಾಸಿಗೆಗಳನ್ನು ಹೇರಿಕೊಂಡ ತೆರೆದ ಟೆಂಪೋ ಒಂದು ರಸ್ತೆಗಿಳಿಯುತ್ತಿತ್ತು. ಅವನು ಹೋಗಿ ಮೇಲಿನ ಹಾಸಿಗೆಯ ಮೇಲೆ ಅಂಗಾತ ಬಿದ್ದ. ಸ್ಕೂಟರ್ ಮಾತಾಡುತ್ತಾ ಒಂದು ಕಡೆ ಹೋಯಿತು, ಟೆಂಪೋ ಹಾಡು ಹಾಕಿಕೊಂಡು ಇನ್ನೊಂದು ಕಡೆ ಹೊರಟಿತು.

ಮಲಗಿದಲ್ಲಿಂದ ಆಕಾಶ ನೋಡುತ್ತಾ, ಇಷ್ಟು ಮೆತ್ತಗಿನ ಹಾಸಿಗೆ ಮನೆಯಲ್ಲೂ ಇಲ್ಲವಲ್ಲ ಎಂದು ಅವನಿಗೆ ಅನ್ನಿಸಿದ್ದು ಸುಳ್ಳಲ್ಲ. ಆಮೇಲೆ ಗಾಬರಿಯಾಗಿ ಕಿರುಚಿದ. ಡ್ರೈವರನಿಗೆ ಕೇಳಿಸಿದ್ದು ಸಿಗ್ನಲ್ಲಿನಲ್ಲಿ ಹಾಡು ಮುಗಿದಾಗ. ಮೆಕ್ಯಾನಿಕ್ ಇಳಿದು ಉಲ್ಟಾ ಓಡತೊಡಗಿದ.

ಓಡುತ್ತಾ ಯೋಚಿಸಿದ. ನಡೆದದ್ದನ್ನು ನಡೆದ ಹಾಗೇ ಹೇಳಿದರೆ ಏನಾದೀತು? ಮಾವ ಅಳಿಯ ಒಂದೇ ಲಿಫ್ಟಿನಲ್ಲಿ. ಅಭ್ಯಂತರ ಎತ್ತಿದವನೇ ಸಾಕ್ಷಿ. ಸಾಲದ್ದಕ್ಕೆ ಹಾಸಿಗೆ ಟೆಂಪೋ. ಇದನ್ನು ಬೇರೆ ಯಾರಾದರೂ ಹೇಳಿದ್ದರೆ ತಾನೇ ನಂಬುತ್ತಿರಲಿಲ್ಲ. ಆದ್ದರಿಂದ ಕತೆಯನ್ನು ತಿದ್ದಿದ. ಲಿಫ್ಟ್ ತೆಗೆದ, ಮದುವೆ ತೆಗೆದ, ಟೆಂಪೋ ತೆಗೆದ. ಕೊನೆಗೆ ಉಳಿದದ್ದು ಕೆಟ್ಟು ನಿಂತ ಒಂದು ಸಿಟಿ ಬಸ್ಸು. ಅದನ್ನು ನಂಬದ ಮನುಷ್ಯ ಭೂಮಿಯ ಮೇಲೆ ಇರಲಾರ.

ಥಿಯೇಟರ್ ತಲುಪಿದಾಗ ಇಂಟರ್ವಲ್. ಮೆಟ್ಟಿಲ ಮೇಲೆ ಹೆಂಡತಿ ಟಿಕೆಟ್ ಹಿಡಿದು ಕೂತಿದ್ದಳು, ಪಕ್ಕದಲ್ಲಿ ಟೀಚರಮ್ಮ. ಒಳಗೆ ಹೋಗದೆ ಅರ್ಧ ಸಿನಿಮಾ ಕಾದಿದ್ದಳು. ಅವಳ ಕಣ್ಣು ಕೆಂಪಾಗಿತ್ತು. ಅದು ಕೋಪದ ಕೆಂಪೆಂದುಕೊಂಡು ಅವನು ತಡಮಾಡದೆ ಶುರುಮಾಡಿದ.

"ಬಸ್ ಕೆಟ್ಟು ನಿಂತುಬಿಡ್ತು ಕಣೆ. ಎಂಜಿನ್ನಿಂದ ಹೊಗೆ."

"ಬಸ್ಸಾ?" ಎಂದಳು ಅವಳು.

"ಬಸ್ಸೇ. ಎಲ್ಲರೂ ಇಳಿದು ತಳ್ಳಿದ್ವಿ. ಕಂಡಕ್ಟರ್ ಜೊತೆ ಜಗಳ ಬೇರೆ."

"ಬೇರೆಲ್ಲೂ ಹೋಗಲಿಲ್ವಾ?"

"ಎಲ್ಲಿಗೆ ಹೋಗಲಿ? ಬಸ್ಸಲ್ಲೇ ಇದ್ದೆ."

ಅಷ್ಟರಲ್ಲಿ ಕ್ಯಾಂಟೀನಿನ ಕಡೆಯಿಂದ ಎರಡು ಕೈಯಲ್ಲಿ ಟೀ ಲೋಟ ಹಿಡಿದು ಹೆಲ್ಮೆಟ್ ಒಂದು ನಡೆದು ಬಂತು. ಭಾವ. ಸ್ಕೂಟರ್ ನಿಲ್ಲಿಸಿ "ಇಳೀರಿ ಸಾರ್" ಎಂದು ಹಿಂದೆ ನೋಡಿದಾಗಲೇ ಸೀಟು ಖಾಲಿಯಿರುವುದು ಅವನಿಗೆ ತಿಳಿದಿತ್ತು. ಹೊರಡುವಾಗ ಸಾರ್ ಹೇಳಿದ್ದ ಗುರುತು ಹಿಡಿದು ಮೆಟ್ಟಿಲ ಮೇಲಿನ ಹೆಂಡತಿಯನ್ನು ಪತ್ತೆಮಾಡಿ, ಲಿಫ್ಟು, ಮಾವ, ಅಳಿಯ, ಅಭ್ಯಂತರ, ಸಾಕ್ಷಿ ಎಲ್ಲವನ್ನೂ ಒಂದೂ ಬಿಡದೆ ಹೇಳಿದ್ದ.

"ಇವರು ಹೇಳಿದ್ದು ಕೇಳಿ ಅಳ್ತಾ ಕೂತಿದ್ದೆ" ಎಂದಳು ಹೆಂಡತಿ. "ನಮ್ಮನೆಯವರು ಒಂದು ಮದುವೆ ಉಳಿಸಿ ಬಂದ್ರು ಅಂತ ಹೆಮ್ಮೆ ಪಟ್ಟೆ. ನೀವು ಹೇಳಿದ್ರೆ ನಾನು ನಂಬ್ತಿರಲಿಲ್ವಾ?"

ಅವನಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. "ತಪ್ಪಾಯ್ತು ಕಣೆ. ಇನ್ನು ಸುಳ್ಳು ಹೇಳಲ್ಲ."

"ಸರಿ. ಹಾಗಾದ್ರೆ ಹೇಳಿ. ಸ್ಕೂಟರಿಂದ ಯಾಕೆ ಇಳಿದುಹೋದ್ರಿ? ನನ್ನ ಜೊತೆ ಕೂರೋದು ಅಷ್ಟು ಕಷ್ಟನಾ?"

"ಇಳಿಯಲಿಲ್ಲ, ಬಿದ್ದೆ. ಹಾಸಿಗೆ ಹೇರಿಕೊಂಡು ಒಂದು ಟೆಂಪೋ ಹೋಗ್ತಿತ್ತು. ಅದರ ಮೇಲೆ ಬಿದ್ದೆ."

ಭಾವ ಟೀ ಲೋಟಗಳನ್ನು ಮೆಟ್ಟಿಲ ಮೇಲಿಟ್ಟ.

"ನನ್ನ ಸ್ಕೂಟರಿಂದ ಇವತ್ತಿನವರೆಗೆ ಯಾರೂ ಬಿದ್ದಿಲ್ಲ" ಎಂದ ಭಾವ, ಮನಸ್ಸಿಗೆ ನೋವಾದವನಂತೆ. "ಬಿದ್ದಿದ್ರೆ ನಂಗೆ ಗೊತ್ತಾಗ್ತಿರಲಿಲ್ವಾ ಸಾರ್?"

ಟೀಚರಮ್ಮ ಎದ್ದು ಬಂದು ಅವನನ್ನು ಒಂದು ಸುತ್ತು ಹಾಕಿ ನೋಡಿದರು. ಮೊಣಕೈ ತಿರುಗಿಸಿದರು. ಶರ್ಟಿನ ಇಸ್ತ್ರಿ ಹಾಗೇ ಇತ್ತು, ಬೈತಲೆ ಕೂಡ ಕೆಟ್ಟಿರಲಿಲ್ಲ.

"ಓಡೋ ಸ್ಕೂಟರಿಂದ ಬಿದ್ದವರು ಹೀಗಿರ್ತಾರಾ? ಒಂದು ಗೀರೂ ಇಲ್ಲವಲ್ಲಪ್ಪ" ಎಂದರು.

ಹೆಂಡತಿ ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ನಂಬಬೇಕೆಂಬ ಆಸೆ ಅವಳ ಕಣ್ಣಲ್ಲಿ ನಿಚ್ಚಳವಾಗಿತ್ತು. ಪಾಪ, ಪ್ರಯತ್ನವನ್ನೂ ಮಾಡಿದಳು.

"ಅಷ್ಟನ್ನೂ ನಂಬಿದೆ ರೀ" ಎಂದಳು ಕೊನೆಗೆ. "ಇದೊಂದನ್ನ ನಂಬು ಅನ್ನಬೇಡಿ."

ಒಳಗೆ ಗಂಟೆ ಹೊಡೆಯಿತು. ಅವಳು ಅವನ ಟಿಕೆಟ್ಟನ್ನು ಭಾವನ ಕೈಗಿಟ್ಟಳು. ಭಾವ ಹೆಲ್ಮೆಟ್ ತೆಗೆದು, ಹೆಂಗಸರ ಹಿಂದೆ ತಲೆತಗ್ಗಿಸಿಕೊಂಡು ಒಳಗೆ ಹೋದ. ಬಾಗಿಲು ಮುಚ್ಚಿಕೊಂಡಿತು.

ಮೆಕ್ಯಾನಿಕ್ ಮೆಟ್ಟಿಲ ಮೇಲೆ ಕುಳಿತು, ಆರಿದ ಟೀ ಪಕ್ಕಕ್ಕಿಟ್ಟು, ತೋಳು ಮಡಚಿ ಎರಡೂ ಮೊಣಕೈ ನೋಡಿಕೊಂಡ. ಪ್ಯಾಂಟು ಮೇಲೆಳೆದು ಮಂಡಿ ನೋಡಿಕೊಂಡ. ಗೇಟಿನವನು ಹತ್ತಿರ ಬಂದು, "ಏನಾದ್ರೂ ಕಳೀತಾ ಅಣ್ಣ?" ಎಂದು ಕೇಳಿದ.

"ಇಲ್ಲಪ್ಪ" ಎಂದ ಅವನು, ಇನ್ನೊಂದು ಕಾಲಿನ ಪ್ಯಾಂಟನ್ನು ಮೇಲೆಳೆಯುತ್ತಾ. "ಎಲ್ಲಾದರೂ ಸ್ವಲ್ಪ ತರಚಿದೆಯಾ ಅಂತ ಬೆನ್ನು ನೋಡಿ ಹೇಳ್ತೀರಾ?"

ಗೇಟಿನವನು ಅಂಗಿ ಎತ್ತಿ, ಬೆಳಕಿಗೆ ತಿರುಗಿಸಿ, ಬಹಳ ಶ್ರದ್ಧೆಯಿಂದ ನೋಡಿದ.

"ದೇವರು ದೊಡ್ಡವನು ಅಣ್ಣ" ಎಂದ. "ಏನೂ ಆಗಿಲ್ಲ."