ಫರ್ಸಿಕಲ್ಲಿನ ಸಿನಿಮಾ

ಸಿನಿಮಾ ಮಾಡಲು ಕ್ಯಾಮೆರಾ ಬೇಕು, ತೆರೆ ಬೇಕು ಎಂದು ನೀವು ನಂಬಿದ್ದರೆ ನಮ್ಮ ಕಾಕಾನನ್ನು ನೋಡಿಲ್ಲ ಎಂದೇ ಅರ್ಥ. ಆತನ ಸಿನಿಮಾದಲ್ಲಿ ಚಿತ್ರ ನಿಂತಲ್ಲೇ ನಿಂತಿರುತ್ತಿತ್ತು; ಓಡುತ್ತಿದ್ದವರು ಪ್ರೇಕ್ಷಕರು!

ಅಪ್ಪನ ತಮ್ಮನಾದ ಈ ಕಾಕಾ ವಾಡಿ ಊರಿನ ಹೊರಗೆ, ರೈಲು ಹಳಿಯ ಪಕ್ಕದಲ್ಲಿ, ನೆಲಕ್ಕೆ ಹಾಸುವ ಫರ್ಸಿಕಲ್ಲು ಮಾರುವ ಜಾಗದಲ್ಲಿ ಕೆಲಸಕ್ಕಿದ್ದ. ಗಣಿಯಿಂದ ಬಂದ ಕಲ್ಲುಗಳನ್ನು ಸಾಲಾಗಿ ನಿಲ್ಲಿಸಿ ಸುಣ್ಣದಿಂದ ನಂಬರು ಬರೆಯಬೇಕು, ಅಷ್ಟೆ. ಆದರೆ ಕೈ ಸುಮ್ಮನಿರಬೇಕಲ್ಲ! ಒಂದು ಕಲ್ಲಿನ ಮೇಲೆ ಕೂತ ಬೆಕ್ಕು, ಪಕ್ಕದ ಕಲ್ಲಿನ ಮೇಲೆ ಕೊಂಚ ಎದ್ದ ಬೆಕ್ಕು, ಅದರಾಚೆ ಜಿಗಿದ ಬೆಕ್ಕು. ಪ್ಯಾಸೆಂಜರ್ ಗಾಡಿಯ ಕಿಟಕಿಯಿಂದ ನೋಡಿದರೆ ಬೆಕ್ಕು ನಿಜಕ್ಕೂ ಜಿಗಿಯುತ್ತಿತ್ತು. ಬೇಕಾದರೆ ಆಣೆ ಮಾಡುತ್ತೇನೆ.

ಬೆಕ್ಕಿಗೇ ತೃಪ್ತನಾಗುವ ಆಸಾಮಿಯೇ? ಸ್ಟೇಷನ್ನಿನ ಪುಸ್ತಕದಂಗಡಿಯಿಂದ ವಿಲಾಯತಿ ದೆವ್ವದ ಕಾದಂಬರಿಗಳನ್ನು ಉರ್ದುವಿನಲ್ಲಿ ತಂದು ಓದುತ್ತಿದ್ದ. ಪಾಳು ಕೋಟೆ, ಮಂಜು, ಶವಪೆಟ್ಟಿಗೆಯಿಂದ ಏಳುವ ಕರಿಕೋಟಿನ ಸಾಹೇಬ! ಈಗ ಮೊಮ್ಮಕ್ಕಳು ಟಿವಿಯಲ್ಲಿ ನೋಡುವ ಕಾರ್ಟೂನ್ ಸಿನಿಮಾಗಳಲ್ಲಿ ಅದೇ ಕೋಟೆ, ಅದೇ ಕರಿಕೋಟು ಬಂದಾಗ ನನಗೆ ನಗು. ನಮ್ಮ ಕಾಕಾ ಅದನ್ನೆಲ್ಲ ಮೈಸೂರು ರಾಜ್ಯವಿದ್ದಾಗಲೇ ಸುಣ್ಣದಲ್ಲಿ ಮಾಡಿ ಮುಗಿಸಿದ್ದ.

"ಮಂಜು ಎಲ್ಲಿಂದ ತರ್ತಿ ಕಾಕಾ?" ಎಂದು ಕೇಳಿದ್ದೆ.

"ಕಲ್ಲಿನ ಧೂಳ ಅದಲ್ಲವ್ವಾ, ಬ್ಯಾಡಂದ್ರೂ ಏಳ್ತದ."

ನಲವತ್ತು ಕಲ್ಲುಗಳಲ್ಲಿ ಸಾಹೇಬ ಪೆಟ್ಟಿಗೆಯಿಂದೆದ್ದ, ಕೋಟಿನ ಗುಂಡಿ ಹಾಕಿಕೊಂಡ, ಗಾಡಿಯತ್ತ ಕೈ ಚಾಚಿದ. ಜನ ಹೆದರಿ ಕಿರುಚುವುದನ್ನು ಕೇಳಲು ಕಾಕಾ ತಾನೂ ಗಾಡಿಯ ಡಬ್ಬಿಯಲ್ಲಿ ಕೂತಿದ್ದ. ಯಾರೂ ಕಿರುಚಲಿಲ್ಲ. "ಚೆಕಿಂಗ್ ಅದ ಲೇ!" ಎಂದು ಒಬ್ಬ ಕೂಗಿದ್ದೇ ತಡ, ಟಿಕೆಟ್ ಇಲ್ಲದವರೆಲ್ಲ ಪಾಯಖಾನೆಗೆ ನುಗ್ಗಿದರು! ನಮ್ಮ ಕಡೆ ಕರಿಕೋಟು ತೊಟ್ಟು ಕೈ ಚಾಚುವವನು ಟಿ.ಸಿ. ಒಬ್ಬನೇ ತಾನೆ? ಒಬ್ಬ ಅಜ್ಜಿಯಂತೂ ಸೆರಗಿನ ಗಂಟು ಬಿಚ್ಚಿ, ಕಿಟಕಿಯಿಂದ ಕಲ್ಲಿಗೇ ಟಿಕೆಟ್ ತೋರಿಸಿದಳು.

ಅದೇ ಡಬ್ಬಿಯಲ್ಲಿ, ಇವನು ನಮ್ಮವನೆಂದು ತಿಳಿದೀತೆಂದು ತಲೆ ತಗ್ಗಿಸಿ ಕೂತಿದ್ದವರು ಅಪ್ಪ. ಚಿತ್ತಾಪುರದ ಕಚೇರಿಯಲ್ಲಿ ಗುಮಾಸ್ತ; ದಿನವೂ ಅದೇ ಗಾಡಿ. ಸಂಜೆ ಮನೆಗೆ ಬಂದವರೇ ಕೇಳಿದರು: "ಪರದೇಶದ ದೆವ್ವ ತಂದು ವಾಡ್ಯಾಗ ನಿಲ್ಲಿಸೀದಿ. ಅವರ ಕೋಟಿ, ಅವರ ಕೋಟು. ಇದ್ರಾಗ ನಿಂದೇನದ?"

ಕಾಕಾ ಎದ್ದು ಹೋಗಿ ಕೈಗಂಟಿದ ಸುಣ್ಣ ತೊಳೆದುಕೊಂಡ. ಮರುದಿನದಿಂದ ಕಲ್ಲುಗಳ ಮೇಲೆ ಬರೀ ನಂಬರು. ಬೆಕ್ಕಿನ ಚಿತ್ರವನ್ನಾದರೂ ತೆಗೆ ಎಂದು ನಾನು ಗೋಗರೆದರೆ, "ನಂದು ಅಂಬೋದು ಸಿಗೋತನ ತಗ್ಯಂಗಿಲ್ಲವ್ವಾ" ಎನ್ನುತ್ತಿದ್ದ.

ಆಮೇಲೆ ಗಣಿಯಲ್ಲಿ ಕಲ್ಲು ಹೊತ್ತ ಮುದುಕಿಯರ ಮನೆಗಳಿಗೆ ಹೋಗಿ ಗಂಟೆಗಟ್ಟಲೆ ಕೂರತೊಡಗಿದ. ಹೆಣ್ಣು ಹುಡುಕುತ್ತಿದ್ದಾನೆಂದು ಅವ್ವ ಹಿಗ್ಗಿ, ಹೋಳಿಗೆಗೆ ಬೇಳೆ ಕೂಡ ತರಿಸಿದಳು! ಹೆಣ್ಣನ್ನೇ ಹುಡುಕುತ್ತಿದ್ದ, ಸುಳ್ಳಲ್ಲ. ಆದರೆ ಮದುವೆಗಲ್ಲ.

ಒಂದು ಶನಿವಾರ, ಕಚೇರಿಯಿಂದ ಬರುವಾಗ ಕಲ್ಲುಗಳ ಮೇಲೆ ಹೊಸ ಚಿತ್ರ ಕಂಡ ಅಪ್ಪ, ಚಪ್ಪಲಿ ಬಿಡದೆ ಹೊಸ್ತಿಲಲ್ಲೇ ನಿಂತು ಕಾಕಾನನ್ನು ಕೇಳಿದರು.

"ನಮ್ಮವ್ವ ಹಂಗಽ ತಲಿಮ್ಯಾಗ ಸಿಂಬಿ ಇಟ್ಟು, ಕಲ್ಲಿನ ಬುಟ್ಟಿ ಎತ್ತಿ, ಒಮ್ಮಿ ನಮ್ಮ ಕಡಿ ಹೊಳ್ಳಿ ನೋಡಿ ಹೋಗ್ತಿದ್ಲು. ಆಕಿ ಸತ್ತಾಗ ನಿನಗ ಎರಡು ವರ್ಷ. ಮನ್ಯಾಗ ಒಂದು ಫೋಟೋನೂ ಇಲ್ಲ. ನಿನಗ್ಹ್ಯಾಂಗ ಗೊತ್ತಾತು?"

"ಮುದುಕ್ಯಾರಿಗೆ ಕೇಳಿ ತಗದೀನಿ ಅಣ್ಣಾ. ಸತ್ತವರು ಎದ್ದು ಬರೋದು ಆ ಬುಕ್ಕಿನವರದು, ಖರೆ. ಆದ್ರ ಬಂದಾಕಿ ನಮ್ಮಾಕಿ."

"ಮತ್ತ ಆಕಿ ಮಾರಿ? ಆ ಕಣ್ಣು, ಮೂಗು?"

ಕಾಕಾ ನೆಲ ನೋಡಿದ. "ಮಾರಿ ಯಾರಿಗೂ ನೆನಪಿಲ್ಲ. ನನ್ನ ಎತ್ತಿ ಆಡಿಸಿದಾಂವ ನೀನು. ಅದಕ್ಕ ನಿನ್ನ ಮಾರೀನ ಹಚ್ಚೀನಿ."

ಸೋಮವಾರ ಆ ಕಲ್ಲುಗಳು ವ್ಯಾಗನ್ನಿಗೆ ಏರಿ ಯಾವುದೋ ಊರಿನ ನೆಲ ಸೇರಲಿದ್ದವು. ಭಾನುವಾರ, ಕಚೇರಿಗೆ ರಜೆಯಿದ್ದರೂ, ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಮ್ಮೆಲ್ಲರನ್ನೂ ಗಾಡಿ ಹತ್ತಿಸಿದರು. ಹೆಮ್ಮೆಗೆ ನನ್ನ ಎದೆ ಉಬ್ಬಿ ಹೋಗಿತ್ತು. ಕಲ್ಲಿನ ಸಾಲು ಬಂತು. ನಮ್ಮಜ್ಜಿ ಎದ್ದಳು, ಬುಟ್ಟಿ ಎತ್ತಿದಳು. ಜೋರು ದನಿಯಲ್ಲಿ ಮಾತಾಡಿ ಗೊತ್ತಿಲ್ಲದ ನಮ್ಮಪ್ಪ ಕಾಕಾನ ತೋಳು ಹಿಡಿದು ಎಬ್ಬಿಸಿ, ಇಡೀ ಡಬ್ಬಿಗೆ ಕೇಳುವಂತೆ ಕೂಗಿದರು:

"ಈ ಕಡಿ ಬರ್ರಿ, ಎಲ್ಲಾರೂ ನೋಡ್ರಿ! ಆಕಿ ನಮ್ಮವ್ವ. ತಗದಾಂವ ಇಂವ, ನನ್ನ ಖಾಸಾ ತಮ್ಮ!"