ಸವಾರ ಬಿದ್ದ ಮೇಲೆ ಬೂದುಗುದುರೆ ಯಾರದು?

‘ಏಳು ಕಣಿವೆಗಳ ಕಾಳಗ’ ಎಂಬ ಕಾರ್ಡಿನಾಟವನ್ನು ಅಚ್ಚು ಹಾಕಿ ನಾಡಿಗೆಲ್ಲ ಹಂಚುತ್ತಿರುವ ಕಂಪನಿಯ ನಿಯಮ ವಿಭಾಗದ ಮುಖ್ಯಸ್ಥರ ಸನ್ನಿಧಿಗೆ,

ಮಾನ್ಯರೇ,

ನಾರಿನ್ ಊರಿನ ಶಾಲೆಯೊಂದರ ಬಾಯ್ಲರಿಗೆ ಕಲ್ಲಿದ್ದಲು ಹಾಕುವ ತುರ್ದಾಕುನ್ ಎಂಬ ನನ್ನ ನಮಸ್ಕಾರಗಳು. ತಮ್ಮ ಆರೋಗ್ಯ, ಮನೆಯವರ ಆರೋಗ್ಯ, ತಮ್ಮಲ್ಲಿ ಕುರಿ ಕುದುರೆಗಳಿದ್ದರೆ ಅವುಗಳ ಆರೋಗ್ಯ ಎಲ್ಲ ಚೆನ್ನಾಗಿದೆಯೆಂದು ನಂಬಿದ್ದೇನೆ. ನನ್ನದು ಚೆನ್ನಾಗಿಲ್ಲ, ಆದರೆ ಅದನ್ನು ಮೊದಲ ಸಾಲಿನಲ್ಲೇ ಹೇಳುವುದು ಸಭ್ಯತೆಯಲ್ಲವೆಂದು ನಾಲ್ಕನೆಯ ಸಾಲಿಗೆ ಇಟ್ಟುಕೊಂಡಿದ್ದೇನೆ.

ಮೊನ್ನೆ ಬೆಳಗಿನ ಜಾವ ಒಂದು ಕನಸು ಬಿತ್ತು. ಜೀನು ಹಾಕಿದ, ಸವಾರನಿಲ್ಲದ ಬೂದುಗುದುರೆಯೊಂದು ನಮ್ಮ ಮನೆಯ ಬಾಗಿಲಲ್ಲಿ ತಲೆ ತಗ್ಗಿಸಿಕೊಂಡು ಒಳಗೆ ಬಂದು, ನನ್ನ ಹಾಸಿಗೆಯ ಮೇಲೆ ಕೂತು (ಕುದುರೆ ಹಾಸಿಗೆಯ ಮೇಲೆ ಕೂರುತ್ತದೆಯೇ ಎಂದು ಕೇಳಬೇಡಿ, ಕೂತಿತು), ತಮ್ಮ ನಿಯಮದ ಪುಸ್ತಕವನ್ನು ಬಾಯಲ್ಲಿ ಕಚ್ಚಿ ತಂದು ನನ್ನ ಎದೆಯ ಮೇಲೆ ಹಾಕಿ, ಓದು ಎನ್ನುವಂತೆ ಗೊರಸಿನಿಂದ ಒತ್ತಿತು. ತಿರುವಿದ ಪುಟವೆಲ್ಲ ಖಾಲಿ. ನಾನು ಕಿರುಚಿಕೊಂಡು ಎದ್ದಾಗ ನನ್ನ ಹೆಂಡತಿ ಜೂರಾಕಾನ್ ಮಗ್ಗುಲು ಬದಲಿಸಿ, “ಮತ್ತೆ ಆ ಕುದುರೆನಾ? ಒಂದೋ ಏರಿ, ಇಲ್ಲಾ ಹೊರಗೆ ಕಟ್ಟಿ ಬನ್ನಿ. ನನ್ನ ನಿದ್ದೆ ಮಾತ್ರ ಕೆಡಿಸ್ಬೇಡಿ” ಎಂದಳು.

ನಾನು ಹೆಚ್ಚು ಓದಿದವನಲ್ಲ. ಐದನೆಯ ತರಗತಿಯಲ್ಲಿ ಭಾಗಾಕಾರ ಶುರುವಾದ ವಾರವೇ ಅಪ್ಪ ಶಾಲೆಗೆ ಬಂದು, ಕಿಟಕಿಯಿಂದಲೇ ಕರೆದು, ಕುರಿ ಹಿಂಡಿಗೆ ಕಳಿಸಿಬಿಟ್ಟರು. ತಮ್ಮ ಪುಸ್ತಕವನ್ನು ಬೆರಳಿಟ್ಟು ಹನ್ನೊಂದು ಸಲ ಓದಿದ್ದೇನೆ. ಪುಟಗಳ ಅಂಚೆಲ್ಲ ನನ್ನ ಮಸಿ ಹತ್ತಿ ಕಪ್ಪಾಗಿದೆ. ಅರ್ಥವಾಗದ್ದೆಲ್ಲ ನನ್ನದೇ ತಪ್ಪಿರಬೇಕೆಂದು ಒಂಬತ್ತನೆಯ ಸಲದವರೆಗೂ ನಂಬಿದ್ದೆ. ಹತ್ತನೆಯ ಸಲಕ್ಕೆ ಸ್ವಲ್ಪ ಧೈರ್ಯ ಬಂತು.

ನನ್ನ ಮಗಳು ಬುರುಲಳನ್ನು ಕೊಟ್ಟಿರುವುದು ಮಿನಿಬಸ್ಸು ಓಡಿಸುವ ಶಾರ್ಶೆನ್ ಅವರ ಮಗನಿಗೆ. ಬೀಗರಾಗಿ ಮೂರು ವರ್ಷವಾದರೂ ನಮ್ಮಿಬ್ಬರ ನಡುವೆ ಹಿಮ, ರಸ್ತೆ, ಕಲ್ಲಿದ್ದಲು ಇವಿಷ್ಟು ಬಿಟ್ಟು ಬೇರೆ ಮಾತಿರಲಿಲ್ಲ. ಚಹಾ ಕುಡಿದು, ಹಿಟ್ಟಿನ ತುಂಡು ಕರಿದ ಬೊರ್ಸೋಕ್ ತಿಂದು, ಗೋಡೆಯ ಗಡಿಯಾರ ನೋಡಿಕೊಂಡು ಕೂತಿರುತ್ತಿದ್ದೆವು. ಅದನ್ನು ನೋಡಲಾರದೆ ಅಳಿಯ ಬಿಷ್ಕೆಕ್‌ನಿಂದ ತಮ್ಮ ಆಟದ ಎರಡು ಕಟ್ಟು ತಂದು ಅಪ್ಪನಿಗೊಂದು ಮಾವನಿಗೊಂದು ಕೊಟ್ಟ. ಮಾನ್ಯರೇ, ಆ ಚಳಿಗಾಲವಿಡೀ ಪ್ರತಿ ಭಾನುವಾರ ಶಾರ್ಶೆನ್ ನನ್ನ ಬಾಯ್ಲರ್ ಕೋಣೆಗೆ ಬಂದರು. ಗೆದ್ದರೆ ನನ್ನ ಬೆನ್ನು ಗುದ್ದುತ್ತಿದ್ದರು, ಸೋತರೆ “ನಿಮ್ಮ ಹಾಳು ಹೊಗೆಗೆ ಕಣ್ಣೇ ಕಾಣ್ಲಿಲ್ಲ ಬೀಗ್ರೇ” ಎನ್ನುತ್ತಿದ್ದರು. ಅರವತ್ತೊಂದನೆಯ ವಯಸ್ಸಿನಲ್ಲಿ ನನಗೊಬ್ಬ ಗೆಳೆಯನನ್ನು ಕೊಟ್ಟದ್ದು ತಮ್ಮ ಕಂಪನಿ. ಅದೇ ಪೆಟ್ಟಿಗೆಯಲ್ಲಿ ಅವನನ್ನು ಕಿತ್ತುಕೊಳ್ಳುವ ಸಾಮಾನನ್ನೂ ಹಾಕಿ ಕಳಿಸಿದ ತಮ್ಮ ಔದಾರ್ಯವನ್ನು ಏನೆಂದು ಹೊಗಳಲಿ!

ಬೂದುಗುದುರೆಯ ಕಾರ್ಡು ಶಾರ್ಶೆನ್ ಅವರಿಗೆ ಆಮೇಲೆ ಕೊಂಡ ಹೊಸ ಕಾರ್ಡುಗಳ ಪೊಟ್ಟಣವೊಂದರಲ್ಲಿ ಸಿಕ್ಕಿತ್ತು. ನಮ್ಮ ಊರಿನಲ್ಲಿ ಅಂಥದು ಇನ್ನೊಂದಿಲ್ಲ. ಮಾರ್ಚ್ ತಿಂಗಳ ಮೊದಲ ಭಾನುವಾರ ನನ್ನ ಒಕ್ಕಣ್ಣಿನ ಈಟಿಗಾರ, ಅವರು ಆ ಕುದುರೆ ಏರಿಸಿದ್ದ ಸವಾರನ ಕಾರ್ಡಿನ ಮೇಲೆ ಎರಗಿದ. ಸವಾರ ಬಿದ್ದ, ಅದರಲ್ಲಿ ತಕರಾರಿಲ್ಲ. ಆದರೆ ನನ್ನವನು ಉಳಿದನೋ ಇಲ್ಲವೋ? ತಮ್ಮ ಒಂಬತ್ತನೆಯ ನಿಯಮ ‘ಇಬ್ಬರೂ ಹೊಡೆಯುತ್ತಾರೆ’ ಎಂದಷ್ಟೇ ಹೇಳಿ ಕೈತೊಳೆದುಕೊಳ್ಳುತ್ತದೆ. ಒಟ್ಟಿಗೋ, ಒಬ್ಬರಾದ ಮೇಲೆ ಒಬ್ಬರೋ, ಹೇಳುವುದಿಲ್ಲ. ನಾನು, “ಬೀಗ್ರೇ, ಈಟಿ ಒಂಬತ್ತು ಮೊಳ, ನಿಮ್ಮವನ ಕತ್ತಿ ಎರಡು ಮೊಳ. ಯಾವ್ದು ಮೊದ್ಲು ಮುಟ್ಟುತ್ತೆ ನೀವೇ ಹೇಳಿ” ಎಂದೆ. ಅವರು, “ನನ್ನ ಕುದುರೆ ಓಟ ನೋಡಿದೀರಾ? ಈಟಿ ಎದೆಗೆ ಬರೋ ಹೊತ್ತಿಗೆ ಕತ್ತಿ ಕುತ್ತಿಗೆಗೆ ಬಂದಿರುತ್ತೆ. ಇಬ್ರೂ ಒಟ್ಟಿಗೇ ಹೋದ್ರು. ಸತ್ತೋನು ಎದ್ದು ಕುದುರೆ ಹಿಡ್ಕೊಂಡು ಹೋಗೋದನ್ನ ಎಲ್ಲಿ ಕಂಡಿದೀರಿ?” ಎಂದರು.

ಇನ್ನು ಹದಿನಾಲ್ಕನೆಯ ನಿಯಮ: ‘ಸವಾರ ಬಿದ್ದರೆ ಕುದುರೆ ಕಣದಲ್ಲಿ ಉಳಿಯುತ್ತದೆ.’ ಯಾರ ಕುದುರೆಯಾಗಿ ಉಳಿಯುತ್ತದೆ ಎಂಬುದನ್ನು ತಾವು ಬಹುಶಃ ಮುಂದಿನ ಪೀಳಿಗೆಗೆ ಬಿಟ್ಟಿದ್ದೀರಿ. ತಮ್ಮ ಕಡೆ ಹೇಗೋ ಕಾಣೆ, ನಮ್ಮಲ್ಲಿ ಬಿದ್ದವನ ಕುದುರೆ ಬೀಳಿಸಿ ನಿಂತವನದು, ಜೀನು ಸಮೇತ, ಶಾಶ್ವತವಾಗಿ. ಆಟ ಮುಗಿದ ಮೇಲೂ ಕಾರ್ಡು ಅವನ ಮನೆಗೇ ಹೋಗಬೇಕು ಎಂಬುದರಲ್ಲಿ ನಮ್ಮಿಬ್ಬರಿಗೂ ಸಂಶಯವಿರಲಿಲ್ಲ. ಸಂಶಯವೆಲ್ಲ ಅವನು ನಿಂತಿದ್ದನೇ ಎಂಬುದರಲ್ಲಿ.

ಆಗ ಪುಸ್ತಕದ ಕೊನೆಯ ಪುಟ ತೆಗೆದೆ. ‘ಸಂಶಯ ಬಂದಲ್ಲಿ ಆಟಗಾರರು ಸ್ನೇಹದಿಂದ ತೀರ್ಮಾನಿಸಿಕೊಳ್ಳತಕ್ಕದ್ದು.’ ಎಂಥ ಮಾತು! ಇದನ್ನು ಬರೆದ ಪುಣ್ಯಾತ್ಮರಿಗೆ ಬೀಗರು ಇಲ್ಲವೆಂದು ಕಾಣುತ್ತದೆ. ನನ್ನಲ್ಲಿಗೆ ಅತಿಥಿಯಾಗಿ ಬಂದ ಬೀಗರ ಮುಂದೆ ನನಗೇ ಬೇಕು ಎನ್ನಲು ನಾಲಿಗೆ ಏಳುತ್ತದೆಯೇ? “ತಗೊಳ್ಳಿ ಬೀಗ್ರೇ, ಕುದುರೆ ನಿಮ್ದೇ” ಎಂದೆ. ಬಂದ ಬೀಗರು ಮೊದಲ ಮಾತಿಗೇ ಹ್ಞೂಂ ಎನ್ನುತ್ತಾರೆಯೇ? “ಛೇ ಛೇ, ನಿಮ್ಮಲ್ಲೇ ಇರ್ಲಿ” ಎಂದರು. ಇನ್ನೊಮ್ಮೆ ಹೇಳಿದೆ, ಇನ್ನೊಮ್ಮೆ ಬೇಡವೆಂದರು. ಮೂರನೆಯ ಸಲ ಹೇಳಿದಾಗ ಎದೆಯ ಮೇಲೆ ಕೈಯಿಟ್ಟು, “ನಾಚಿಕೆ ಮಾಡಿಸ್ಬೇಡಿ” ಎಂದರು. ನಾಲ್ಕನೆಯ ಸಲ ಹೇಳಬೇಕಿತ್ತೋ ಏನೋ. ಅಷ್ಟರಲ್ಲಿ ಬಾಯ್ಲರಿನ ಒತ್ತಡದ ಮುಳ್ಳು ಮೇಲೇರಿತು. ವಾಲ್ವು ತಿರುಗಿಸಲು ಎದ್ದವನು, ಎದ್ದ ಗಾಬರಿಯಲ್ಲಿ, ಕಾರ್ಡನ್ನು ಕಿಸೆಗೆ ಹಾಕಿಕೊಂಡುಬಿಟ್ಟೆ.

ಮಾರನೆಯ ದಿನ ಹದಿನಾಲ್ಕು ಜನ ತುಂಬಿದ ಮಿನಿಬಸ್ಸು ಹತ್ತಿದೆ. ಶಾರ್ಶೆನ್ ನನ್ನನ್ನು ಕನ್ನಡಿಯಲ್ಲಿ ನೋಡಿ, “ಎಲ್ರೂ ಚೀಲ ತೊಡೆ ಮೇಲೆ ಇಟ್ಕೊಳ್ರಪ್ಪಾ, ಕುದುರೆಗಳ್ಳ ಹತ್ತಿದಾನೆ” ಎಂದು ಕೂಗಿದರು. ನೀವೇ ಬೇಡವೆಂದಿರಲ್ಲ ಎಂದರೆ, “ಮರ್ಯಾದೆಗೆ ಬೇಡ ಅಂದ್ರೆ ಕಿಸೆಗೆ ಹಾಕ್ಕೋತಾರಾ? ನಿಮ್ಮನೇಲಿ ಸಾಕು ಅಂದ ಅತಿಥೀನ ಉಪವಾಸ ಕಳಿಸ್ತೀರಾ?” ಎಂದರು. ಮುದುಕಿಯೊಬ್ಬಳು ನಿಜವಾಗಿಯೂ ಚೀಲವನ್ನು ಹತ್ತಿರ ಎಳೆದುಕೊಂಡಳು. ನಮ್ಮ ಕಡೆ ಕುಡುಕನನ್ನು ಕ್ಷಮಿಸುತ್ತಾರೆ, ಸಾಲಗಾರನಿಗೆ ಹೆಣ್ಣು ಕೊಡುತ್ತಾರೆ, ಕುದುರೆಗಳ್ಳನಿಗೆ ಚಹಾ ಕೂಡ ಕೊಡುವುದಿಲ್ಲ. ಕಾರ್ಡು ಹಿಂತಿರುಗಿಸೋಣವೆಂದರೆ ಕದ್ದದ್ದನ್ನು ಒಪ್ಪಿಕೊಂಡಂತೆ. ಇಟ್ಟುಕೊಂಡರೆ ಕಳ್ಳನೇ ಸರಿ.

ಇದಿಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆ. ಆದರೆ ಮೊಮ್ಮಗ ಬಾಯಸ್ತಾನ್‌ಗೆ ಹೆಜ್ಜೆ ಬಂದಿದೆ. ಮಗುವಿನ ಕಾಲಿಗೆ ಉಣ್ಣೆಯ ದಾರ ಕಟ್ಟಿ, ಓಟದಲ್ಲಿ ಗೆದ್ದವರ ಕೈಯಲ್ಲಿ ಕತ್ತರಿಸಿ, ಆಮೇಲೆ ನಡೆಯಬಿಡಬೇಕು. ಇಲ್ಲದಿದ್ದರೆ ಜೀವನವಿಡೀ ಎಡವುತ್ತಾನೆ. ಶಾಸ್ತ್ರ ಆಗಬೇಕಾದದ್ದು ಶಾರ್ಶೆನ್ ಅವರ ಅಂಗಳದಲ್ಲಿ, ಅವರು ನನ್ನನ್ನು ಹೊಸಿಲು ದಾಟಿಸುವುದಿಲ್ಲ. ಬುರುಲ್ ಮಾವನ ಎದುರೇ ನಿಂತು, “ನಮ್ಮಪ್ಪ ಬರ್ದೆ ನನ್ನ ಮಗನ ಕಾಲಿಗೆ ಯಾರೂ ದಾರ ಕಟ್ಟೋ ಹಾಗಿಲ್ಲ” ಎಂದಳಂತೆ. ಎರಡು ಸಲ ಮುಂದೂಡಿದ್ದಾಯಿತು, ಈಗ ಬರುವ ಭಾನುವಾರವೆಂದು ನಿಗದಿಯಾಗಿದೆ. ಮೊಮ್ಮಗ ಮಾತ್ರ ತಮ್ಮ ವಿಭಾಗದ ಉತ್ತರಕ್ಕೆ ಕಾಯದೆ ಅಂಗಳದ ಉದ್ದಕ್ಕೂ ನಡೆಯುತ್ತಿದ್ದಾನೆ. ಬೀಗಿತ್ತಿ ಹಿಂದೆ ಹಿಂದೆ ಓಡಿ, “ಕೂತ್ಕೋ ಕಂದಾ, ಕೂತ್ಕೋ, ನಿನ್ನ ಅಜ್ಜಂದಿರ ಯುದ್ಧ ಇನ್ನೂ ಮುಗಿದಿಲ್ಲ” ಎಂದು ಹಿಡಿದು ಕೂರಿಸುತ್ತಾರೆ. ಇದನ್ನೆಲ್ಲ ಮಗಳು ಫೋನಿನಲ್ಲಿ ನಗುತ್ತಲೇ ಹೇಳಿದಳು. ಕೊನೆಗೆ ನಗು ನಿಂತಿತು, “ಬಾ ಅಪ್ಪಾ, ಏನಾದ್ರೂ ಮಾಡು” ಎಂದಳು.

ಏನಾದರೂ ಮಾಡುವ ಸಲುವಾಗಿಯೇ ತಮಗೆ ಈ ಹಿಂದೆ ಮೂರು ಪತ್ರ ಬರೆದೆ. ಮೊದಲನೆಯದಕ್ಕೆ ಒಂಬತ್ತನೆಯ ನಿಯಮ ನೋಡಿ ಎಂದಿರಿ. ಎರಡನೆಯದಕ್ಕೆ ಹದಿನಾಲ್ಕನೆಯದು ನೋಡಿ ಎಂದಿರಿ. ಮೂರನೆಯದಕ್ಕೆ ಕೊನೆಯ ಪುಟ ನೋಡಿ ಎಂದಿರಿ. ಗಾಣದ ಎತ್ತು ಕೂಡ ಇಷ್ಟು ನಿಷ್ಠೆಯಿಂದ ಸುತ್ತುವುದಿಲ್ಲ, ಅದಕ್ಕಾಗಿ ತಮ್ಮನ್ನು ಅಭಿನಂದಿಸುತ್ತೇನೆ. ಹೊಡೆತಕ್ಕೊಂದು ಅಂಕಿ, ಜೀವಕ್ಕೊಂದು ಅಂಕಿ, ಗಾಳಿಗೂ ಒಂದು ಅಂಕಿ ಕೊಟ್ಟ ತಾವು ಮೊದಲು ಯಾರು, ಆಮೇಲೆ ಯಾರು ಎಂಬ ಅಲ್ಪ ವಿಷಯವನ್ನು ಬಿಟ್ಟಿರುವುದು ಮನುಷ್ಯರು ಪರಸ್ಪರ ಮಾತಾಡಲಿ ಎಂಬ ಸದುದ್ದೇಶದಿಂದಲೇ ಇರಬೇಕು. ನಾವು ಮಾತಾಡಿದೆವು. ಹದಿನಾಲ್ಕು ಜನ ಕೇಳಿಸಿಕೊಂಡರು.

ಆದ್ದರಿಂದ ತಾವು ದಯವಿಟ್ಟು ಒಂಬತ್ತು ಮೊಳದ ಈಟಿಯೊಂದಿಗೆ ನಾರಿನ್‌ಗೆ ದಯಮಾಡಿಸಿ, ತಾವೇ ಕುದುರೆಯೇರಿ, ತಮ್ಮ ಸಹಾಯಕರನ್ನು ಈಟಿ ಹಿಡಿಸಿ ಎದುರು ನಿಲ್ಲಿಸಿ, ಯಾರು ಮೊದಲು ಬೀಳುತ್ತಾರೆಂದು ಇಡೀ ಊರಿಗೆ ತೋರಿಸಬೇಕು; ಬಿದ್ದವರ ಆರೈಕೆ ನಮ್ಮದು, ಕುರಿಯ ಬಾಲದ ಕೊಬ್ಬು ಹಚ್ಚುತ್ತೇವೆ. ಬಿಡುವಿಲ್ಲದಿದ್ದರೆ, ಬೀಗರು ಎಷ್ಟು ಸಲ ಬೇಡವೆಂದರೆ ನಿಜವಾಗಿ ಬೇಡ ಎಂದರ್ಥ ಎಂಬ ಹೊಸ ನಿಯಮವನ್ನಾದರೂ ಅಚ್ಚು ಹಾಕಿಸಿ. ಅದೂ ಆಗದಿದ್ದರೆ ‘ತುರ್ದಾಕುನ್ ಕುದುರೆಗಳ್ಳನಲ್ಲ’ ಎಂದು ದುಂಡು ಮೊಹರು ಒತ್ತಿದ ಒಂದು ಹಾಳೆ ಸಾಕು. ಮಿನಿಬಸ್ಸಿನ ಗಾಜಿಗೆ ಅಂಟಿಸುವ ಅಂಟು ನನ್ನಲ್ಲಿದೆ.

ಮೂರು ಉತ್ತರಗಳ ನಂತರವೂ ನಂಬಿಕೆ ಕಳೆದುಕೊಳ್ಳದ, ತಮ್ಮ ವಿಶ್ವಾಸಿ,
ತುರ್ದಾಕುನ್

ಮತ್ತೊಂದು ಮಾತು: ಲಕೋಟೆ ಮುಚ್ಚುವ ಮುನ್ನ ಸುಮ್ಮನಿರಲಾರದೆ ಪುಸ್ತಕವನ್ನು ಹನ್ನೆರಡನೆಯ ಸಲ ಓದಿದೆ. ಹದಿನೇಳನೆಯ ನಿಯಮದ ಕೆಳಗೆ ಇರುವೆಯಂಥ ಅಕ್ಷರಗಳಲ್ಲಿ, ಸವಾರನನ್ನು ಕೊಂದು ಮಿಕ್ಕ ಪೆಟ್ಟು ಕುದುರೆಗೆ ಬೀಳುತ್ತದೆ ಎಂದಿದೆ. ಈಟಿಗಾರನ ಪೆಟ್ಟು ಏಳು, ಸವಾರನ ಜೀವ ನಾಲ್ಕು, ಮಿಕ್ಕದ್ದು ಮೂರು. ಬೂದುಗುದುರೆಯ ಜೀವ ಕಾರ್ಡಿನ ಮೇಲೆ ನಾಲ್ಕು, ಪುಸ್ತಕದ ಪಟ್ಟಿಯಲ್ಲಿ ಮೂರು. ಒಂದೇ ಕುದುರೆಯನ್ನು ಒಂದು ಕಡೆ ಬದುಕಿಸಿ ಇನ್ನೊಂದು ಕಡೆ ಕೊಲ್ಲುವ ವಿದ್ಯೆ ತಮಗೊಬ್ಬರಿಗೇ ಒಲಿದದ್ದು. ಮೂರೇ ಆಗಿದ್ದರೆ ನನ್ನ ಈಟಿಗಾರ ಉಳಿದಿರಲಿ ಸತ್ತಿರಲಿ, ಕುದುರೆ ಆ ಭಾನುವಾರವೇ ಸತ್ತಿದೆ. ಸತ್ತ ಕುದುರೆಗೆ ಕಳ್ಳನಿಲ್ಲ. ಅದರ ಮಾಂಸವನ್ನು ಬೀಗರು ಒಂದೇ ತಟ್ಟೆಗೆ ಕೂತು ತಿನ್ನುವುದು ನಮ್ಮ ಪದ್ಧತಿ. ಇದನ್ನು ಶಾರ್ಶೆನ್ ಅವರಿಗೆ ಫೋನು ಮಾಡಿ ಹೇಳಿದೆ. ಅವರು, “ಕಂಪನಿಯವ್ರು ಬರೆದು ಕೊಡ್ಲಿ, ನೋಡೋಣ” ಎಂದರು, ಫೋನು ಇಡುವ ಮುಂಚೆ, “ಪಕ್ಕೆಲುಬು ಯಾರಿಗೆ?” ಎಂದು ಕೇಳಿದರು. ಮೂರೆಂದೇ ಬರೆಯಿರಿ ಎಂದು ತಮಗೆ ಹೇಳುವಷ್ಟು ದೊಡ್ಡವನಲ್ಲ ನಾನು. ಭಾನುವಾರದೊಳಗೆ ಆ ಒಂದು ಅಂಕಿಯನ್ನು ಮಾತ್ರ ಇನ್ನೊಮ್ಮೆ ನೋಡಿ.