ಅತ್ತೆ ದಾಟಿಸಿದ ಮೂರನೇ ಹಂತ

ಇನ್ನೊಬ್ಬರಿಗೆ ತೊಂದರೆ ಕೊಡಬಾರದು ಎಂದು ಹಿರಿಯರು ಹೇಳುತ್ತಾರೆ. ನಾನು ಸಂಬಳ ಪಡೆಯುವುದೇ ತೊಂದರೆ ಕೊಡುವುದಕ್ಕೆ. ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದಲ್ಲಿ, ರಟ್ಟಿನ ಡಬ್ಬಿ ಮಾಡುವ ಕಾರ್ಖಾನೆಯೊಂದರ ಮಹಡಿಯಲ್ಲಿ ಕೂತು ನಾವು ಮೂವರು ಮೊಬೈಲ್ ಗೇಮ್ ತಯಾರಿಸುತ್ತೇವೆ. ಎಷ್ಟು ನಿಮಿಷ, ಎಷ್ಟು ಅಂಕ, ಯಾವ ತಪ್ಪಿಗೆ ಯಾವ ಶಿಕ್ಷೆ ಎಂಬ ನಿಯಮಗಳೆಲ್ಲ ವೀರೇಶನವು. ಚಿತ್ರ ಬರೆದು ಅವು ಓಡಾಡುವಂತೆ ಮಾಡುವವಳು ನಯನಾ. ನಾನು ಲೆವೆಲ್ ಡಿಸೈನರ್. ಒಂದೊಂದು ಹಂತದಲ್ಲೂ ದಾರಿ ಎಲ್ಲಿ ತಿರುಗಬೇಕು, ಆಡುವವರು ಎಲ್ಲಿ ತಲೆ ಕೆರೆದುಕೊಳ್ಳಬೇಕು ಎಂದು ನಿರ್ಧರಿಸುವವಳು. ಮನೆಯಲ್ಲಿ ನಮ್ಮ ಯಜಮಾನರು ಇದು ನನಗೆ ಹೇಳಿಮಾಡಿಸಿದ ಕೆಲಸ ಎನ್ನುತ್ತಾರೆ. ಅದು ಹೊಗಳಿಕೆಯೇ ಎಂದು ನಾನು ಇನ್ನೂ ವಿಚಾರಿಸಿಲ್ಲ.

ನಮ್ಮ ಹೊಸ ಆಟ ಹರಿಹರದಿಂದ ನಂದಿಗುಡಿಗೆ ಹೋಗುವ ಬಸ್ಸಿನದು. ಆಡುವವರೇ ಕಂಡಕ್ಟರ್. ಹತ್ತುವಾಗ ಪ್ರತಿಯೊಬ್ಬರೂ ತಮ್ಮ ಊರಿನ ಹೆಸರನ್ನು ಒಂದು ಸಲ ಹೇಳುತ್ತಾರೆ. ಅದನ್ನು ನೆನಪಿಟ್ಟುಕೊಂಡು ಆ ಊರು ಬಂದಾಗ ಸೀಟಿ ಊದಬೇಕು. ಮೂರನೇ ಹಂತದಲ್ಲಿ ನಾನು ಮೂವತ್ತು ಜನರನ್ನು ತುಂಬಿದ್ದೆ. ಅಲ್ಲಿಗೆ ಬಂದವರೆಲ್ಲ ಮೊಬೈಲ್ ಕೆಳಗಿಟ್ಟರು. "ಅಕ್ಕಾ, ಆಡಿದೋರು ಒಬ್ರೂ ದಾಟಿಲ್ಲ. ಗುರುವಾರ ಆಟ ಕೊಳ್ಳೋ ಪುಣೆ ಕಂಪನಿಯೋರು ನೋಡಾಕ ಬರ್ತಾರ. ಅವ್ರು ಬ್ಯಾಡ ಅಂದ್ರೆ ನಾವು ಕೆಳಗಡೆ ಡಬ್ಬಿ ಮಡಚಾಕ ಹೋಗಬೇಕಾಗ್ತೈತೆ" ಎಂದ ವೀರೇಶ. ಆಟ ಕಠಿಣವಾಗಿದೆ ಎಂದರೆ ನನ್ನ ಬುದ್ಧಿ ಚುರುಕಾಗಿದೆ ಎಂದೇ ಅರ್ಥ ಮಾಡಿಕೊಂಡಿದ್ದ ನಾನು ಒಂದಕ್ಷರವನ್ನೂ ಬದಲಿಸಲಿಲ್ಲ.

ಆ ಭಾನುವಾರ ಮೊಣಕಾಲು ತೋರಿಸಿಕೊಳ್ಳಲು ನಂದಿಗುಡಿಯಿಂದ ಅತ್ತೆ ಬಂದಿದ್ದರು. ಬದುಕಿನುದ್ದಕ್ಕೂ ಅದೇ ಬಸ್ಸಿನಲ್ಲಿ ಓಡಾಡಿದವರು. ಹೊತ್ತು ಹೋಗಲೆಂದು ಮೊಬೈಲ್ ಕೈಗೆ ಕೊಟ್ಟೆ. ಮೂರನೇ ಹಂತದಲ್ಲಿ ಮೂರು ಸಲ ಸೋತರು. ನನಗೆ ಒಳಗೊಳಗೇ ಖುಷಿಯಾಗುತ್ತಿದ್ದಾಗ ಅವರು ಕನ್ನಡಕ ತೆಗೆದರು.

"ಸುಮಾ, ನಿನ್ನ ಬಸ್ಸಿನ್ಯಾಗ ಇರೋರೆಲ್ಲ ಗೊಂಬೆ ಏನು? ಊರು ಬರಾಕತ್ತಿದ್ರೂ ಒಬ್ರೂ ಏಳಂಗಿಲ್ಲ. ನಮ್ಮ ಕಡೆ ಎರಡು ಸ್ಟಾಪು ಮೊದ್ಲೇ ಎದ್ದು, ಚೀಲ ಹುಡುಕಿ, ಬಾಗಿಲ ಹತ್ರ ಬಂದು ನಿಂತಿರ್ತಾರ. ಕಂಡಕ್ಟರ್ ಅದನ್ನ ನೋಡಿ ಸೀಟಿ ಊದ್ತಾನ. ಯಾರ ಊರು ಯಾವ್ದು ಅಂತ ಅವನ್ಯಾಕ ಬಾಯಿಪಾಠ ಮಾಡ್ತಾನ?"

"ಹಂಗ ಮಾಡಿದ್ರೆ ಭಾಳ ಸುಲಭ ಆಗ್ತೈತೆ ಅತ್ತೆ."

"ಎಲ್ಲಿ ಸುಲಭ? ಇಳಿಯಾಕ ಎದ್ದೋರು ಯಾರು, ಕಾಲು ಜೋಮು ಹಿಡಿದು ಎದ್ದೋರು ಯಾರು, ಕಿಟಕಿ ಸೀಟಿಗೆ ಜಿಗಿಯಾಕ ಎದ್ದೋರು ಯಾರು, ತಿಳ್ಕೊಳ್ಳಾದು ಹೆಂಗೆ?"

ನಾನು ಒಲೆಯ ಮೇಲಿದ್ದ ಹಾಲನ್ನು ಮರೆತು ಕೂತುಬಿಟ್ಟೆ. ಆಡುವವರಿಗೆ ಸುಳಿವು ಕೊಡಬೇಕು, ಉತ್ತರ ಕೊಡಬಾರದು ಎಂದು ನಾನೇ ಹೊಸಬರಿಗೆ ಪಾಠ ಮಾಡುತ್ತೇನೆ. ನನ್ನ ಬಸ್ಸಿನಲ್ಲಿ ಸುಳಿವೇ ಇರಲಿಲ್ಲ. ಹಾಲು ಉಕ್ಕಿತು. ಅದನ್ನೂ ಅತ್ತೆಯೇ ಮೊದಲು ಕಂಡರು.

ಮೂರು ದಿನದಲ್ಲಿ ನಯನಾ ಮೂವತ್ತು ಜನರಿಗೂ ಏಳುವುದನ್ನು ಕಲಿಸಿದಳು. ಚೀಲ ಹುಡುಕುವವರು, ಕಾಲು ಕೊಡವುವವರು, ಎದ್ದು ಮತ್ತೆ ಕೂರುವವರು, ಎಲ್ಲ ಅತ್ತೆ ಹೇಳಿದಂತೆಯೇ. ಗುರುವಾರ ಪುಣೆಯಿಂದ ಬಂದ ಹೆಂಗಸು ಹುಟ್ಟಿದಾಗಿನಿಂದ ನಂದಿಗುಡಿಯ ಹೆಸರು ಕೇಳಿದವರಲ್ಲ. ಮೊದಲ ಸಲ ಸೋತರು. ಎರಡನೇ ಸಲ ಒಬ್ಬ ಅಜ್ಜ ಚೀಲಕ್ಕೆ ಕೈ ಹಾಕುವುದನ್ನು ಕಂಡು ತಟ್ಟನೆ ಸೀಟಿ ಊದಿದರು. ಮೂರನೇ ಹಂತ ಮುಗಿದಾಗ ಕುರ್ಚಿಯಿಂದ ಎದ್ದೇ ನಿಂತಿದ್ದರು. ನಮ್ಮ ಚಹಾ ಆರಿತ್ತು, ಅವರು ನಾಲ್ಕನೇ ಹಂತ ಕೇಳುತ್ತಿದ್ದರು. ಒಪ್ಪಂದವಾಯಿತು. ವೀರೇಶ ಕೆಳಗಿನ ಕಾರ್ಖಾನೆಯವರಿಗೆಲ್ಲ ಪೇಡಾ ಹಂಚಿದ. ಅತ್ತೆಗೆ ಫೋನ್ ಮಾಡಿದರೆ, "ಆಗ್ಲೇಬೇಕಿತ್ತು ಬಿಡು" ಎಂದರು.

ಈಗ ಆಟದ ಕೊನೆಯಲ್ಲಿ ಬರುವ ಹೆಸರುಗಳಲ್ಲಿ ಗಂಗಮ್ಮ ಎಂಬ ಅವರ ಹೆಸರು ನನ್ನ ಹೆಸರಿಗಿಂತ ಮೇಲಿದೆ. ನ್ಯಾಯವೇ. ಮೊನ್ನೆ ನಾಲ್ಕನೇ ಹಂತ ಕಳಿಸಿಕೊಟ್ಟೆ. ಊಟಕ್ಕೆ ಮೊದಲೇ ದಾಟಿದೆ, ಇದರಲ್ಲಿ ಏನೈತೆ ಎಂದು ಕೇಳಿದರು. ಅದನ್ನು ಕಟ್ಟಿದ ನಾನು ಮಾತ್ರ ಇನ್ನೂ ದಾಟಿಲ್ಲ. ಈ ವಿಷಯ ವೀರೇಶನಿಗೆ ಗೊತ್ತಿಲ್ಲ.